ಮೇಡಮ್ ಹೇಳಿದ ಹಸರು

ನಮ್ಮ ಮನಿಯಾಗ ಒಬ್ಬಾಕಿ ಮೇಡಮ್ ಅದಾಳ್ರಿ. ಸಾಬಾಣದ ವಡಿಯಷ್ಟ ಗಾತ್ರ, ಮೂತಿಗೆ ಒಂದು ಕಿಂಡಿ, ಬೆನ್ನಿಗೆ ಒಂದು ಗುಂಡಿ. ಕಪಾಟಿನ್ಯಾಗ ನನ್ನ ಜಂಪರಗಳ ಮ್ಯಾಲೆ ಮಲಗಿರ್ತಾಳ. ಯಾವುದರೆ ಅರಿವಿಗೆ ಆಕಿ ಮೂತಿ ಒತ್ತಿ ಹಿಡದು ಗುಂಡಿ ಅದುಮಿದ್ರ, ಅದರ ಬಣ್ಣ ಯಾವುದು ಅಂತ ಇಂಗ್ಲೀಷಿನ್ಯಾಗ ಹೇಳತಾಳ. "ಡಾರ್ಕ್ ಬ್ಲೂ." ಅಷ್ಟ. ಛಲೋ ಐತಿ ಅನ್ನೂದಿಲ್ಲ, ಕೆಟ್ಟೈತಿ ಅನ್ನೂದಿಲ್ಲ. ಇವತ್ತ ಮುಂಜಾನೆ ಟಾವೆಲ್ ಹುಡುಕಾಕ ಹೋಗಿ ಕೈ ತಪ್ಪಿ ಗುಂಡಿ ಒತ್ತಿದೆ. ನನ್ನ ಅಂಗೈ ಬಣ್ಣ ಹೇಳಿ ಸುಮ್ಮನಾದ್ಲು. ಯಾವ ಬಣ್ಣ ಅಂತ ನಾ ಈಗ ಹೇಳೂದಿಲ್ಲ. ಆ ವಿಷಯ ಮುಂದ ಬರತೈತಿ, ನಾ ಬ್ಯಾಡ ಅಂದ್ರೂ ಬರತೈತಿ.

ಕಣ್ಣು ಕಾಣದವರ ಸಲುವಾಗಿ ಮಾಡಿದ ಮಿಶನ್ ಇದು. ಕಾಣದಾಕಿ ನಾನ. ಹೆಸರು ಪದ್ಮಾ, ಊರು ಸಾಂಗ್ಲಿ, ಮನಿ ಭಾಷಾ ಕನ್ನಡ, ಬಜಾರ ಭಾಷಾ ಮರಾಠಿ, ಬಯ್ಯೂದು ಎರಡರಾಗೂ.

ಮೊದಲು ನಾ ಯಾರಿದ್ದೆ ಅನ್ನೂದನ್ನ ಹೇಳಬೇಕು, ಇಲ್ಲಂದ್ರ ನಾ ಎಷ್ಟ ಎತ್ತರದಿಂದ ಬಿದ್ದೇನಿ ಅನ್ನೂದು ನಿಮಗ ತಿಳಿಯೂದಿಲ್ಲ. ಸಾಂಗ್ಲಿ ಪ್ಯಾಟಿಯಾಗ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇತ್ತು. ಸೀರಿ ಎಲ್ಲ್ಯರೆ ತಗೊಂಡಿರ್ತಾರ, ಅದಕ್ಕ ಹೊಂದೂ ಜಂಪರ ಪೀಸು, ಫಾಲು, ಒಳಗ ಉಡೂ ಪರಕರ ಹುಡುಕ್ಕೊಂತ ನಮ್ಮ ಅಂಗಡಿಗೆ ಬರತಿದ್ರು. ಅವರು ಚೀಲದಿಂದ ಸೀರಿ ತುದಿ ಹೊರಗ ಎಳಿಯೂದ ತಡ, ನಾನು ಗೋಡಿ ತುಂಬ ಪೇರಿಸಿದ ಅರಿವಿ ಥಾನಗಳೊಳಗ ಒಂದಕ್ಕ ಕೈ ಹಾಕಿ ಜಗ್ಗಿ ಕೌಂಟರ ಮ್ಯಾಲೆ ಒಗೀತಿದ್ದೆ. ನೀಲಿ, ಕೆಂಪು ಅಂತ ಮಾತಾಡೂದು ನಮ್ಮ ಅಂಗಡಿಯಾಗ ಹಳ್ಳಿತನ. ಮೋರಪಂಖಿ ಅನ್ನಬೇಕು, ಚಿಂತಾಮಣಿ ಅನ್ನಬೇಕು. ಅಬೋಲಿ ಬ್ಯಾರೆ, ಗುಲಬಕ್ಷಿ ಬ್ಯಾರೆ. ಉಳ್ಳಾಗಡ್ಡಿ ಸಿಪ್ಪಿ ಬಣ್ಣದಾಗ ಬಿಳೀ ಉಳ್ಳಾಗಡ್ಡಿ ಒಂದು, ಕೆಂಪ ಉಳ್ಳಾಗಡ್ಡಿ ಒಂದು. ಬದನಿಕಾಯಿ ಬಣ್ಣ ಕೇಳಿದ್ರ, ಎಣ್ಣಿಗಾಯಿಗೆ ತುಂಬೂ ಬದನಿಕಾಯೋ ಸುಡೂ ಬದನಿಕಾಯೋ ಅಂತ ನಾ ತಿರಗಿ ಕೇಳತಿದ್ದೆ.

ನನ್ನ ಸೊಕ್ಕು ಏನ ಕೇಳತೀರಿ. ಗಿರಾಕಿ ಯಾರರೆ ಜಂಪರ ಪೀಸು ತಗೊಂಡು "ಹೊರಗ ಬಿಸಲಾಗ ನೋಡಿ ಬರತೇನ್ರಿ" ಅಂದ್ರ ನನಗ ಮೈಯೆಲ್ಲಾ ಉರೀತಿತ್ತು. ಟ್ಯೂಬಲೈಟಿನ ಬೆಳಕಿನ್ಯಾಗ ಮೋಸ ಆಗತೈತಿ ಅಂತ ಎಲ್ಲಾ ಹೆಂಗಸರೂ ರಸ್ತಾಕ್ಕ ಇಳದು, ರಿಕ್ಷಾದವರ ಹಾರ್ನ್ ಕೇಳಿಸ್ಕೊಂತ, ಸೀರಿ-ಪೀಸು ಎರಡೂ ಮುಗಲಿಗೆ ಎತ್ತಿ ನೋಡತಾರ. ನಾನು ಒಳಗಿಂದ, "ನೋಡ್ಕೊಂಡ ಬರ್ರಿ, ಸೂರ್ಯಾ ನನಗಿಂತ ಹೆಚ್ಚ ತಿಳದಂವ," ಅಂತಿದ್ದೆ. ಸಾಂಗ್ಲಿವಾಡಿಯಿಂದ ಹೊಳಿ ಪೂಲ ದಾಟಿ ಬರೂ ಒಬ್ಬಾಕಿ ಮಾಸ್ತರಣಿ ಇದ್ಲು. ಆಕಿ ಒಂದ ಸಲ, ಈ ಹಸರು ಸೀರಿಗಿಂತ ಒಂಚೂರು ತೆಳು ಆತು ಅಂದ್ಲು. ನಾನು ಪೀಸು ಕಸಗೊಂಡು ಥಾನಿನ್ಯಾಗ ಸುತ್ತಿ ಇಟ್ಟು, ಕಣ್ಣು ತೋರಿಸ್ಕೊಂಡ ಬರ್ರಿ ಆಮ್ಯಾಲೆ ಕೊಡತೇನಿ ಅಂದೆ. ಕಣ್ಣು ತೋರಸಾಕ ಯಾರು ಹೋದ್ರು ಅನ್ನೂದು ನಿಮಗ ಗೊತ್ತೈತಿ.

ಇನ್ನ ನಮ್ಮವರ ಕತಿ. ಅಂಗಡಿ ಮಾಲಕರು ಅವರು. ಆದ್ರ ಮ್ಯಾಚಿಂಗ್ ಸೆಂಟರಿನ ಮಾಲಕರಿಗೆ ಕೆಂಪು ಹಸರು ಗುರತ ಹತ್ತೂದಿಲ್ಲ. ಹುಟ್ಟಾನ ಹಂಗ. ನನ್ನ ನೋಡಾಕ ಬಂದಾಗ ನಾನು ಡಾಳಿಂಬಿ ಕೆಂಪ ಸೀರಿ ಉಟ್ಟಿದ್ದೆ. ಲಗ್ನ ಆದ ಮ್ಯಾಲೆ ಒಂದಿನ ಪ್ರೀತಿಲೆ, ಆವತ್ತ ಆ ಹಸರ ಸೀರ್ಯಾಗ ನೀ ಭಾಳ ಚಂದ ಕಂಡಿದ್ದಿ ಅಂದ್ರು. ನಾನು ತಿಂಗಳಾನಗಟ್ಟಲೆ ಆ ಹಸರ ಸೀರಿಯಾಕಿ ಯಾರು ಅಂತ ಮನಸಿನ್ಯಾಗ ಹುಡುಕಿದೆ. ನಮ್ಮ ಸಂಬಂಧದಾಗಿನ ಹುಡುಗ್ಯಾರನ್ನೆಲ್ಲಾ ಸಂಶೇದಿಂದ ನೋಡಿದೆ. ಕಡೀಕ ಒಂದಿನ ಅವರು ಅಂಗಡಿಯಾಗ ಗಿರಾಕಿಗೆ ಗಿಣಿ ಹಸರ ಸೀರಿ ಮ್ಯಾಲೆ ಇಟ್ಟಂಗಿ ಬಣ್ಣದ ಪೀಸು ಇಟ್ಟು, ಎಷ್ಟ ಹೊಂದೇತಿ ನೋಡ್ರಿ ಅಂದಾಗ ನನಗ ಎಲ್ಲಾ ತಿಳೀತು. ಆವತ್ತಿನಿಂದ ಅವರು ರೊಕ್ಕದ ಗಲ್ಲಾ, ನಾನು ಥಾನು. ಸಾಂಗ್ಲಿ-ಮಿರಜ ರಸ್ತಾದ ಸಿಗ್ನಲಿನ್ಯಾಗ ಅವರು ಇವತ್ತಿಗೂ, ಮ್ಯಾಲಿನ ದೀಪ ಹತ್ತೈತೋ ಕೆಳಗಿಂದು ಹತ್ತೈತೋ ಅಂತ ನೋಡಿ ಸ್ಕೂಟರ್ ಹೊಡೀತಾರ.

ಹಿಂಗ ಮನಿಯಾಗಿನ ಕಣ್ಣಂದ್ರ ನನ್ನವ ಎರಡು. ಅವಕ್ಕ ಗ್ಲಾಕೋಮಾ ಬಂತು. ಮೊದಲಿಗೆ ಬಾಜೂಕ ನಿಂತವರು ಕಾಣದಂಗ ಆದ್ರು, ಆಮ್ಯಾಲೆ ಎದುರಿಗಿನವರೂ ಹ್ವಾದ್ರು. ಮಿರಜದ ಕಣ್ಣಿನ ದವಾಖಾನಿಗೆ ಹೋದಾಗ ಭಾಳ ತಡ ಆಗಿತ್ತು. ಡಾಕ್ಟರು ಪಾಪ ಸಣ್ಣ ವಯಸ್ಸಿನಂವ. ನರ ಒಣಗೈತಿ, ಹೋದ ನೋಟ ತಿರಗಿ ಬರೂದಿಲ್ಲ ಮಾವಶಿ ಅಂತ ಮರಾಠ್ಯಾಗ ಹೇಳಿದಾ. ಬಾಗಲದ ಹೊರಗ ಅಥಣಿ, ಜಮಖಂಡಿ ಕಡೆಯಿಂದ ಬಂದ ಪೇಶಂಟರು ಕುಂತಿದ್ರು. ಅವರು ನನ್ನ ಮಾರಿ ನೋಡಿ, ಏನಂದ್ರಿ ಬಾಯಾರ ಅಂತ ಕನ್ನಡದಾಗ ಕೇಳಿದ್ರು. ಏನಿಲ್ಲರಿ, ಕಣ್ಣಿಗೆ ಯಾರದೋ ನೆದರ ಆಗೇತಿ ಅಂತ ಅಂದೆ. ಅಳು ಬಂದಾಗ ಚಾಷ್ಟಿ ಮಾಡೂದು ನನ್ನ ಚಾಳಿ. ಆವತ್ತ ಅದೂ ಸರಿಯಾಗಿ ಬರಲಿಲ್ಲ, ಅಲ್ಲೇ ಬೆಂಚಿನ ಮ್ಯಾಲೆ ಕುಂತು ಅತ್ತೆ.

ಅಂಗಡಿ ಮುಚ್ಚಿದಿವಿ. ಸ್ವಲ್ಪ ದಿನದ ಮ್ಯಾಲೆ ಅದ ದವಾಖಾನ್ಯಾಗಿನ ಒಬ್ಬಾಕಿ ಹುಡುಗಿ ಈ ಮಿಶನ್ ಬಗ್ಗೆ ಹೇಳಿದ್ಲು. ಅರಿವಿ ಅಂಚಿಗೆ ಗಂಟು ಹಾಕಿ ಗುರತ ಇಟ್ಟುಕೊಳ್ಳೂದನ್ನೂ ಕಲಿಸಿದ್ಲು: ಕೆಂಪಿಗೆ ಒಂದು ಗಂಟು, ಹಸರಿಗೆ ಎರಡು. ನಾನು ಗಂಟು ಹಾಕಾಕ ಒಪ್ಪಲಿಲ್ಲ. ಹಸರಿನ್ಯಾಗ ಎಷ್ಟ ನಮೂನಿ ಹಸರು ಅದಾವು, ಅಷ್ಟಕ್ಕೂ ಗಂಟು ಹಾಕಿದ್ರ ಸೀರಿ ಎಲ್ಲೆ ಉಳೀತೈತಿ? ಮಿಶನ್ ಮಾತ್ರ ತರಿಸಿದೆ. ಬಂದ ದಿನಾನ ನಮ್ಮವರು ಆಕಿ ದನಿ ಕೇಳಿ "ಮೇಡಮ್" ಅಂತ ಹೆಸರಿಟ್ರು. ಅವರ ಇಂಗ್ಲೀಷ್ ಮಾಸ್ತರಣಿ ಹಿಂಗ ಮಾತಾಡತಿದ್ಲಂತ.

ಮೊದಲನೇ ವಾರ ನಾವಿಬ್ಬರೂ ಮನಿಯಾಗಿನ ಒಂದ ವಸ್ತು ಬಿಡಲಿಲ್ಲ. ತೊಗರಿಬ್ಯಾಳಿ, ಭಕ್ಕರಿ, ಗ್ವಾಡಿ, ಸಿಲಿಂಡರ್. ನಮ್ಮವರ ಬೋಳ ತಲಿಗೆ ಹಚ್ಚಿದ್ರ "ಲೈಟ್ ಪಿಂಕ್" ಅಂದ್ಲು. ಅವರಿಗೆ ಭಾಳ ಸಂತೋಷ ಆತು. ಮಗ್ಗಲ ಮನಿಯವರು ಅರಿಷಿಣದ ವ್ಯಾಪಾರದವರು. ಸಾಂಗ್ಲಿ ಅರಿಷಿಣ ಅಂದ್ರ ಬಂಗಾರ ಅಂತ ಎದಿ ಉಬ್ಬಿಸಿ ಒಂದ ಮುಷ್ಟಿ ತಂದು ಇಟ್ರು. ಮೇಡಮ್ "ಬ್ರೌನ್" ಅಂದ್ಲು. ಅವರು ಆವತ್ತಿನಿಂದ ಮೇಡಮ್‌ನ ವಿಷಯ ಬಂದ್ರ ಬ್ಯಾರೆ ಮಾತು ತಗೀತಾರ. ಕಡೀಕ ನಾನ ನನ್ನ ಗಲ್ಲಕ್ಕ ಹಚ್ಚಿಕೊಂಡು ಗುಂಡಿ ಒತ್ತಿದೆ. ನನ್ನ ಲಗ್ನದ ಮುಂದ ನಮ್ಮಪ್ಪಾ ಬೀಗರಿಗೆ ನನ್ನ ಮೈಬಣ್ಣ ಗೋದಿಬಣ್ಣ ಅಂತ ಹೇಳಿ ಕಳಿಸಿದ್ರು. ನಾನೂ ಇಷ್ಟ ವರ್ಷ ಅದನ್ನ ನಂಬಿಕೊಂಡ ಬಂದಿದ್ದೆ. ಮೇಡಮ್ "ಡಾರ್ಕ್ ಬ್ರೌನ್" ಅಂದ್ಲು. ಇನ್ನೊಮ್ಮೆ ಒತ್ತಿದೆ, ಇನ್ನೊಂದ ಗಲ್ಲಕ್ಕ ಒತ್ತಿದೆ, ಪೌಡರ ಹಚ್ಚಿಕೊಂಡ ಬಂದು ಒತ್ತಿದೆ. ಆಕಿ ಮಾತು ಬದಲಿಸಲಿಲ್ಲ. ನಮ್ಮವರು ನಕ್ಕೊಂತ, ಗೋದಿನ ಇರಬೇಕು, ಆದ್ರ ಭಾಳ ಹುರದಾರ ಅಂದ್ರು. ಬಣ್ಣ ಗೊತ್ತಿಲ್ಲದವರಿಗೂ ಹೆಂಡ್ತಿ ಬಣ್ಣದ ಮ್ಯಾಲೆ ಮಾತು ಬರತೈತಿ ನೋಡ್ರಿ.

ಆದ್ರ ಆಕಿ ಮ್ಯಾಲೆ ನನಗ ಸಿಟ್ಟು ಬರಲಿಲ್ಲ. ಯಾಕ ಅಂತ ಹೇಳತೇನಿ.

ಕಣ್ಣು ಹೋದ ಮ್ಯಾಲೆ ಮಂದಿ ಭಾಳ ಒಳ್ಳೆಯವರಾಗಿಬಿಡತಾರ್ರಿ. ನನಗ ತಡಕೊಳ್ಳಾಕ ಆಗದ್ದು ಅದ. ಯಾವ ಸೀರಿ ಉಟ್ಟು ಬಂದ್ರೂ, ಛಲೋ ಕಾಣತೈತಿ ಮಾವಶಿ ಅಂತಾರ. ಮೊದಲ ನಮ್ಮ ಓಣಿಯಾಗ ಯಾರೂ ಯಾರ ಸೀರಿನೂ ಛಲೋ ಅನ್ನೂ ಪದ್ಧತಿ ಇದ್ದಿಲ್ಲ. ನವರಾತ್ರಿಯಾಗ ಮಹಾರಾಷ್ಟ್ರದಾಗ ದಿನಕ್ಕೊಂದು ಬಣ್ಣ ಇರತೈತಿ, ನಿಮಗ ಗೊತ್ತಿರಬೇಕು. ಪೇಪರಿನ್ಯಾಗ ಬರತೈತಿ, ಇವತ್ತ ಹಳದಿ, ನಾಳಿ ರಾಣಿ ಕಲರ್, ಅಂದ್ರ ದಟ್ಟ ಗುಲಾಬಿ, ಅಂತ. ಬ್ಯಾಂಕಿನ್ಯಾಗಿನವರು, ಸಾಳಿ ಮಾಸ್ತರಣ್ಯಾರು, ಗುಡಿಗೆ ಹೋಗೂ ಮುದಿಕ್ಯಾರು, ಎಲ್ಲಾರೂ ಆ ದಿನ ಅದ ಬಣ್ಣ ಉಟ್ಟು ಫೋಟೋ ತಗಸ್ಕೋತಾರ. ನಮ್ಮ ಅಂಗಡಿಗೆ ಅದು ಸುಗ್ಗಿ. ಕಣ್ಣು ಹೋದ ಮ್ಯಾಲೆ ಮೊದಲನೇ ನವರಾತ್ರಿ, ರಾಣಿ ಕಲರಿನ ದಿನ, ಮೇಡಮ್ ಇನ್ನೂ ಬಂದಿದ್ದಿಲ್ಲ, ನಮ್ಮವರನ್ನ ಕೇಳಿ ಸೀರಿ ಉಟ್ಟೆ. ನಮ್ಮವರನ್ನ! ನನ್ನ ಬುದ್ಧಿ ನೋಡ್ರಿ. ಓಣಿ ಹೆಂಗಸರೆಲ್ಲಾ ನನ್ನ ನಡುವ ನಿಲ್ಲಿಸಿ ಫೋಟೋ ತಗಸಿದ್ರು, ಎಷ್ಟ ಛಂದ ಕಾಣತೀರಿ ಅಂದ್ರು. ಮನಿಗೆ ತಿರಗಿ ಬರುವಾಗ ಕಾಯಿಪಲ್ಲೆ ಮಾರೂ ಶಾಂತವ್ವ ಗಾಡಿ ನಿಲ್ಲಿಸಿ, "ಏನ ಮಾವಶಿ, ನಾಳಿನ ಬಣ್ಣ ಇವತ್ತ ಉಟ್ಟೀರೇನ್ರಿ?" ಅಂದ್ಲು. ನಾ ಉಟ್ಟದ್ದು ಹಸರಂತ.

ಮನಿಗೆ ಬಂದು ಸೀರಿ ಬಿಚ್ಚಿ ಮೂಲಿಗೆ ಒಗದೆ. ಬಣ್ಣ ತಪ್ಪಿದ್ದಕ್ಕಲ್ಲ. ಅಷ್ಟು ಮಂದಿ ಒಂದ ಸುಳ್ಳು ಕೂಡೇ ಹೇಳಿದ್ರಲ್ಲಾ, ಅದೂ ಪ್ರೀತಿಲೆ ಹೇಳಿದ್ರಲ್ಲಾ, ಅದಕ್ಕ. ಪ್ರೀತಿಲೆ ಸುಳ್ಳು ಹೇಳೂದು ಸಣ್ಣ ಹುಡುಗರಿಗೆ, ಸಾಯೂವರಿಗೆ. ನಾ ಎರಡೂ ಅಲ್ಲ. ನೋಟ ಹೋತು, ಹೋಗಲಿ. ಖರೇ ಮಾತು ಕೇಳೂ ಹಕ್ಕ ಹೋದ್ರ ನಾ ಯಾವ ಲೆಕ್ಕಕ್ಕ ಉಳದೆ? ಮೇಡಮ್ ಬಂದ ಮ್ಯಾಲೆ ಆಕಿ ಒಬ್ಬಾಕಿನ ನನಗ ಮುಖ ಮುರದಂಗ ಮಾತಾಡಾಕಿ. ಅದಕ್ಕ ನಾ ಆಕಿನ ಎದಿಗೆ ಅವಚಿಕೊಂಡೆ.

ಈಗ ಉಜ್ಜೂನ ಕುಬಸದ ಮಾತಿಗೆ ಬರತೇನಿ. ಉಜ್ವಲಾ ನಮ್ಮ ಒಬ್ಬಾಕಿನ ಮಗಳು. ಮಿರಜಕ್ಕ ಕೊಟ್ಟೇವಿ. ಲಗ್ನ ಆಗಿ ಭಾಳ ವರ್ಷದ ಮ್ಯಾಲೆ ಬಸರಾದ್ಲು. ನಮ್ಮಲ್ಲೆ ಏಳನೇ ತಿಂಗಳಿಗೆ ಕುಬಸ, ಅಂದ್ರ ಸೀಮಂತ, ಮಾಡತಾರ. ತವರುಮನಿಯವರು ಹಸರ ಸೀರಿ, ಹಸರ ಕುಬಸ ಅಂದ್ರ ಜಂಪರ ಒಯ್ದು ಬಸರಿಗೆ ತೊಡಸಬೇಕು, ಹಸರ ಬಳಿ ಇಡಸಬೇಕು, ಉಡಿ ತುಂಬಬೇಕು. ನಮ್ಮ ಬಳಗದಾಗ ಯಾರ ಕುಬಸ ಇದ್ರೂ ಸೀರಿಗೆ ಜಂಪರ ಹೊಂದಿಸೂ ಕೆಲಸ ಇಷ್ಟ ವರ್ಷ ನಂದ. ಈಗ ನನ್ನ ಮಗಳದು ಬಂದಾಗ, ನಾವು ನೋಡಿ ತರತೇವಿ ಅಕ್ಕಾ, ನೀವು ಆರಾಮ ಕುಂದರ್ರಿ ಅಂದ್ರು ನಮ್ಮ ನೆಗೆಣ್ಣ್ಯಾರು. ಆರಾಮ ಕುಂದರೂದಂತ. ನಾನು ಯಾರ ನೆರವೂ ಬ್ಯಾಡ ಅಂದೆ. ಯಾರನ್ನೂ ಕೇಳದ ನನ್ನ ಮಗಳ ಕುಬಸ ನಾನ ಹೊಂದಿಸಬೇಕು, ಅದು ಸರಿ ಹೊಂದಬೇಕು. ಹೊಂದಿತು ಅಂದ್ರ ನಾ ಇನ್ನೂ ಪದ್ಮಾನ ಅಂತ ಆತು. ಇಲ್ಲಾಂದ್ರ ಮೂಲ್ಯಾಗ ಕುಂದರಿಸಿ ಛಲೋ ಕಾಣತೀರಿ ಮಾವಶಿ ಅನ್ನಿಸಿಕೊಳ್ಳೂ ಮುದಿಕಿ.

ನನ್ನ ಟ್ರಂಕಿನ್ಯಾಗ ಎರಡು ರೇಶಿಮಿ ಸೀರಿ ಅದಾವು. ಒಂದ ಮಗ್ಗದ ಅಕ್ಕ-ತಂಗಿ ಇದ್ದಂಗ. ಅದ ನೂಲು, ಅದ ದಡಿ, ಅದ ಸೆರಗು, ಕೈಗೆ ಎರಡೂ ಒಂದ. ಒಂದು ಉಜ್ಜು ಹೊಟ್ಟ್ಯಾಗಿದ್ದಾಗ ನನ್ನ ಕುಬಸದಾಗ ಉಟ್ಟಿದ್ದು, ಅಚ್ಚ ಹಸರು. ಇನ್ನೊಂದು ಆಮಸೂಲಿ. ಆಮಸೂಲ ಅಂದ್ರ ಕೋಕಮ್, ನಾವು ಸಾರಿಗೆ ಹುಳಿ ಹಾಕೂ ಒಣಾ ಸಿಪ್ಪಿ, ಅದರ ಕಪ್ಪುಗೆಂಪು ಬಣ್ಣ. ಅದೂ ಬರೇ ಆಮಸೂಲಿ ಅಲ್ಲ, ಧೂಪಛಾಂವ್, ಉದ್ದನ ಹಾಸಿನ್ಯಾಗ ಒಂದ ಬಣ್ಣದ ಎಳಿ, ಅಡ್ಡ ಹೊಕ್ಕಿನ್ಯಾಗ ಇನ್ನೊಂದು ಬಣ್ಣದ ಎಳಿ ಹಾಕಿ ನೇದದ್ದು, ಬಿಸಲಾಗ ಹೊಳ್ಳಿಸಿದ್ರ ಒಳಗ ಹಸರು ಮಿಂಚತೈತಿ. ಹಸರು ಮ್ಯಾಲೆ, ಆಮಸೂಲಿ ಕೆಳಗ, ಹಂಗ ಇಡೂದು ನನ್ನ ಪದ್ಧತಿ. ಆದ್ರ ದೀಪಾವಳಿಗೆ ಟ್ರಂಕು ಬಿಸಲಿಗೆ ಇಟ್ಟು ಹುಳ ಹತ್ತದಂಗ ಡಾಂಬರಗುಳಿಗಿ ಹಾಕಿ ತಿರಗಿ ಜೋಡಿಸಿದವರು ನಮ್ಮವರು.

ಅದಕ್ಕ ಮೇಡಮ್‌ನ ಕರಕೊಂಡು ಮಧ್ಯಾನ್ನ ಟ್ರಂಕಿನ ಮುಂದ ಕುಂತೆ. ಮ್ಯಾಲಿನ ಸೀರಿ ಮಡಿಕಿಗೆ ಆಕಿ ಮೂತಿ ಒತ್ತಿದೆ. "ಡಾರ್ಕ್ ರೆಡ್" ಅಂದ್ಲು. ಹಿಡದದ್ದು ಸರಿ ಇರಲಿಕ್ಕಿಲ್ಲ ಅಂತ ಮಡಿಕಿ ಹೊಳ್ಳಿಸಿ ಒತ್ತಿದೆ. "ಬ್ರೌನ್." ಬೆಳಕು ಒಳಗ ಹೋಗಿರಬೇಕು, ಸೆರಗು ಮುಚ್ಚಿ ಒತ್ತಿದೆ. "ಡಾರ್ಕ್ ಗ್ರೀನ್." ಹಾಂ! ನೋಡ್ರಿ, ನಾ ಹೇಳಲಿಲ್ಲೇನು? ಹಸರು ಅಂತ ಹೇಳೂತನಕ ಆಕಿ ಮಾತು ನನಗ ತಪ್ಪು ಅನಿಸಿತ್ತು, ಹಸರು ಅಂದ ಕೂಡಲೆ ಆಕಿ ಶಾಣ್ಯಾಕಿ ಆದ್ಲು. ಮತ್ತ ಒತ್ತಿ ನೋಡಲಿಲ್ಲ. ಸಾಕ್ಷಿಗೆ ನಮ್ಮವರನ್ನ ಕರದೆ. ಅವರು ಚಸ್ಮಾ ಹಾಕ್ಕೊಂಡು, ಹತ್ರ ತಗೊಂಡು, ದೂರ ಹಿಡದು ನೋಡಿ, ಅಚ್ಚ ಹಸರು ಅಂದ್ರು. ನನ್ನ ಡಾಳಿಂಬಿ ಸೀರಿಗೆ ಹಸರು ಅಂದ ಅದ ದನಿ. ಆದ್ರ ಒಬ್ಬಾಕಿ ಮಿಶನ್ನು, ಒಬ್ಬ ಗಂಡ, ಇಬ್ಬರೂ ಕೂಡಿ ಹಸರು ಅಂದ ಮ್ಯಾಲೆ ಇನ್ನೇನು ಬೇಕು?

ಕೆಳಗಿನ ಸೀರಿಗೂ ಒಮ್ಮೆ ಮೇಡಮ್‌ನ ಹಚ್ಚಿ ನೋಡಿದ್ರ ಮುಗೀತಿತ್ತು. ಹಚ್ಚಲಿಲ್ಲ. ಯಾಕಂದ್ರ ನನಗ ಬೇಕಾದ ಉತ್ತರ ಸಿಕ್ಕಿತ್ತು.

ಕುಬಸಕ್ಕ ಅಂಗಡಿ ಮುಚ್ಚಿದಾಗ ಉಳದ ಗಂಟಿನಿಂದ ಪೀಸು ತಗದೆ. ಸಾದಾ ಅರಿವಿ ಇದ್ರ ಮೇಡಮ್ ತಪ್ಪೂದಿಲ್ಲ. ಗ್ರೀನ್ ಅಂದ್ಲು, ಎಷ್ಟ ಸಲ ಕೇಳಿದ್ರೂ ಗ್ರೀನ್. ಓಣಿಯ ಟೇಲರ ಸೀರಿ ತೋರಸ್ರಿ ಕಾಕೂ, ದಾರ ಹೊಂದಸತೇನಿ ಅಂದಾ. ನಾನು, ಇಷ್ಟ ವರ್ಷ ಹೊಂದಿಸಿದಾಕಿ ನಾನು, ನೀ ಹೊಲದ ಕೊಡು ಅಂದೆ. ಸೀರಿ ಕಾಗದದಾಗ ಸುತ್ತಿ, ಅದರ ಮ್ಯಾಲೆ ಕುಬಸ ಇಟ್ಟು, ಯಾರಿಗೂ ಬಿಚ್ಚಾಕ ಕೊಡದ ಮಿರಜಕ್ಕ ಒಯ್ದೆ. ರಿಕ್ಷಾದಾಗ ನಮ್ಮ ನೆಗೆಣ್ಣ್ಯಾರು ಎರಡ ಸಲ ತೋರಸ್ರಿ ಅಂದ್ರು, ಅಲ್ಲೇ ನೋಡೂವಂತ್ರಿ ಅಂದೆ. ಎದಿಯಾಗ ಮಾತ್ರ ಪರೀಕ್ಷಾಕ್ಕ ಹೊಂಟ ಹುಡುಗಿಗೆ ಆದಂಗ ಆಗತಿತ್ತು.

ನಮ್ಮ ಬೀಗತಿ ಕುಸುಮತಾಯಿ ಬಗ್ಗೆ ಒಂದ ಮಾತು ಹೇಳಬೇಕು. ಆಕಿ ಬಾಯಾಗ ಇಷ್ಟ ವರ್ಷದಾಗ ಒಂದ ಹೊಗಳಿಕಿ ಮಾತು ಬಂದಿಲ್ಲ. ಲಗ್ನದಾಗ ನಾವು ಕೊಟ್ಟ ಹಿತ್ತಾಳಿ ಸಮೈ ದೀಪ ಸಣ್ಣದು, ನಾ ಮಾಡಿದ ಹೋಳಗಿ ದಪ್ಪ, ನಮ್ಮ ಸಾಂಗ್ಲಿ ನೀರು ಸಪ್ಪ. ಕನ್ನಡ ತಿಳೀತೈತಿ, ಮಾತಾಡೂದು ಮರಾಠಿ. ಕುಬಸದ ಸೀರಿ ಅಚ್ಚ ಹಸರ ಇರಬೇಕು, ಬ್ಯಾರೆ ಬಣ್ಣದ ನೆರಳೂ ಬೀಳಬಾರದು ಅಂತ ಮೊದಲ ಫೋನಿನ್ಯಾಗ ಹೇಳಿಸಿದ್ಲು. ಹೇಳೂದು ತಪ್ಪಲ್ಲ. ವರ್ಷಾನಗಟ್ಟಲೆ ಹಾದಿ ಕಾದ ಮೊಮ್ಮಗ, ಆಕಿಗೂ ಜೀವ ಅಂಗೈಯಾಗ ಇತ್ತು.

ಉಜ್ಜು ಸೀರಿ ಒಳಗ ಒಯ್ದು ಉಟ್ಟು ಬರಾಕ ಭಾಳ ಹೊತ್ತು ಹಿಡಿದ್ಲು. ಬಂದು ಹೂವಿನ ಜೋಕಾಲ್ಯಾಗ ಕುಂತ್ಲು. ನಾನು ಕಿವಿ ನಿಗರಿಸಿದೆ. ಉಜ್ಜೂನ ಬಳಿ ಒಮ್ಮೆ ಗಲ್ ಅಂದ್ವು. ಆಮ್ಯಾಲೆ ಎಲ್ಲಾರೂ ಕೂಡೇ ಸುರು ಮಾಡಿದ್ರು, ಎಷ್ಟ ಛಂದ, ಎಂಥಾ ಹಸರು, ಪದ್ಮಾಕಾಕೂ ಕೈ ಅಂದ್ರ ಕೈ. ನನ್ನ ಎದಿ ಉಬ್ಬಿತು. ನಾ ನಕ್ಕೆ, ಸೆರಗು ಸರಿ ಮಾಡಿಕೊಂಡೆ, ಅದರಾಗೇನ ಬಿಡ್ರಿ ಅಂದೆ. ಆಗ ಕುಸುಮತಾಯಿ ನನ್ನ ಹತ್ರ ಬಂದು ಕೈ ಹಿಡದು, ಫಾರ ಸುಂದರ ಹಿರವಾ ರಂಗ ಆಹೆ, ಅಂದ್ರ ಭಾಳ ಚಂದ ಹಸರು, ಮನಸ್ಸು ತುಂಬಿತು ಅಂದ್ಲು.

ಕುಸುಮತಾಯಿ ಹೊಗಳಿದ್ಲು ಅಂದ್ರ ಏನೋ ಭಾಳ ಕೆಟ್ಟದ್ದಾಗೇತಿ.

ಉಡಿ ತುಂಬಾಕ ನನ್ನ ಕೈ ಹಿಡದು ಜೋಕಾಲಿ ಮುಂದ ಕುಂದ್ರಿಸಿದ್ರು. ಅಕ್ಕಿ, ಕೊಬ್ಬರಿ ಬಟ್ಟಲ, ಅರಿಷಿಣ ಕೊಂಬು ಹಾಕಿದೆ. ಹಾಕಿ, ಚೀಲದಿಂದ ಮೇಡಮ್‌ನ ತಗದು ಉಜ್ಜೂನ ತೊಡಿ ಮ್ಯಾಲಿನ ಸೀರಿಗೆ ಒತ್ತಿದೆ. ಅಷ್ಟ ಹೆಂಗಸರ ನಡುವ ಆಕಿ ಗಟ್ಟಿ ದನಿಲೆ, "ಡಾರ್ಕ್ ರೆಡ್" ಅಂದ್ಲು.

ಯಾರೋ, ಬ್ಯಾಟರಿ ಹೋಗಿರಬೇಕು ಅಂದ್ರು. ಯಾರೋ, ಮನಿಯಾಗಿನ ಬೆಳಕು ಹಳದಿ ಐತಿ, ಅದಕ್ಕ ಹಂಗ ಅನ್ನತೈತಿ ಅಂದ್ರು. ನಮ್ಮ ನೆಗೆಣ್ಣಿ, ಮಿಶನ್ನಿಗೇನ ತಿಳೀತೈತಿ, ಮನಷ್ಯಾರು ನಾವಿಷ್ಟು ಮಂದಿ ಹೇಳತೇವಲ್ಲ ಅಂದ್ಲು. ನನಗ ಅವರ ಮ್ಯಾಲೆ ಸಿಟ್ಟಿಲ್ಲ. ಒಂದ ವ್ಯಾಳ್ಯಾಕ್ಕ ಅವರ ಜಾಗಾದಾಗ ನಾ ಇದ್ರ ನಾನೂ ಹಸರು ಅಂತಿದ್ನೇನೋ. ಆದ್ರ ಆ ಹೊತ್ತಿಗೆ ನಾ ಭಾಳ ಅಂಜಿದೆ. ಇವತ್ತ ಇವರು ಹಸರು ಅಂತಾರ. ನಾಳಿ ಕೂಸು ಹುಟ್ಟಿದಾಗ ಅದು ಯಾರ ಹಂಗ ಐತಿ ಅಂತ ಕೇಳಿದ್ರ, ನಿಮ್ಮ ಹಂಗ ಐತಿ ಅಂತಾರ. ಅಳಾಕ ಹತ್ತಿದ್ರ, ನಗತೈತಿ ಅಂತಾರ. ಮಗಳ ಸಂಸಾರ, ಮೊಮ್ಮಗನ ಮಾರಿ, ಎಲ್ಲಾ ನನಗ ಛಲೋನ ಕಾಣಬೇಕು ಇನ್ನ.

ಉಜ್ಜೂನ ಮೊಳಕಾಲ ಹಿಡಕೊಂಡೆ.

"ಉಜ್ಜು, ಕಣ್ಣು ಹೋಗ್ಯಾವ, ನಾ ಹೋಗಿಲ್ಲ. ನೀ ಹೇಳು."

ಜೋಕಾಲಿ ಹೂವಿನ ಮಾಲಿ ಅಲಗ್ಯಾಡಿದ ಸಪ್ಪಳ ಕೇಳಿಸ್ತು. ಸಾಳಿ ಬಿಟ್ಟ ಕೂಡಲೆ ನಮ್ಮ ಅಂಗಡಿ ಕೌಂಟರ ಮ್ಯಾಲೆ ಕಾಲು ಇಳಿಬಿಟ್ಟು ಕುಂತು ಬೆಳದ ಹುಡುಗಿ ಇದು. ಗಿರಾಕಿಗಳಿಗೆ ನನಗಿಂತ ಮೊದಲ, ಅದು ಹೊಂದೂದಿಲ್ರಿ ಅಂತ ಹೇಳಿ ನನ್ನ ಕಡೆಯಿಂದ ಬೈಸಿಕೊಳ್ಳತಿತ್ತು. ಆಕಿ ಒಂದ ಸಲ ಮೂಗು ಏರಿಸಿದ್ಲು.

"ಹಸರಲ್ಲ ಅವ್ವಾ. ಆಮಸೂಲಿ ಅದು, ಧೂಪಛಾಂವಿಂದು. ಕುಬಸ ಗಿಣಿ ಹಸರು. ಒಂದಕ್ಕೊಂದು ಸಂಬಂಧನ ಇಲ್ಲ. ನೀ ಎಷ್ಟ ಖುಷಿಲೆ ತಂದಿದ್ದಿ, ಅದಕ್ಕ ನಾನ ಎಲ್ಲಾರಿಗೂ ಕಣ್ಸನ್ನಿ ಮಾಡಿದ್ದೆ."

ಯಾರೋ ಉಸರು ಬಿಟ್ಟದ್ದು ಕೇಳಿಸ್ತು. ಕುಸುಮತಾಯಿ ಇರಬೇಕು, ಆಕಿಗೆ ಹೊಗಳಿ ದಣವ ಆಗಿತ್ತು. ನನಗ ಅಳೂ ಬಂತು, ನಗೂ ಬಂತು, ಎರಡೂ ಕೂಡೇ ಮೂಗಿನ್ಯಾಗ ಬಂದ್ವು. ನಾ ತಪ್ಪಿದ್ದೆ, ಎಲ್ಲಾರ ಮುಂದ ತಪ್ಪಿದ್ದೆ. ಮ್ಯಾಚಿಂಗ್ ಸೆಂಟರಿನಾಕಿ ತನ್ನ ಮಗಳಿಗೆ ಮ್ಯಾಚ್ ಆಗದ ಜಂಪರ ತೊಡಿಸಿ ಹೂವಿನ ಜೋಕಾಲ್ಯಾಗ ಕುಂದ್ರಿಸಿದ್ದೆ. ಆದ್ರ ಎದಿ ಮಾತ್ರ ಹಗರಾಗಿತ್ತು.

"ಎಂಥಾ ಆಮಸೂಲಿ?" ಅಂತ ಕೇಳಿದೆ. "ಈ ವರ್ಷದ್ದೋ, ಹ್ವಾದ ವರ್ಷದ್ದೋ?"

ಆಕಿ ಸೀರಿ ಎತ್ತಿ ನೋಡಿದ್ಲು. ಹೊಳ್ಳಿಸಿ ಮತ್ತೊಮ್ಮೆ ನೋಡಿದ್ಲು. ಅರಿವಿ ಸಪ್ಪಳದಾಗ ನನಗ ಗೊತ್ತಾತು, ಆಕಿ ಸುಳ್ಳು ಹುಡುಕಾಕತ್ತಿಲ್ಲ, ಬಣ್ಣಾನ ಹುಡುಕಾಕತ್ತಾಳ.

"ಹ್ವಾದ ವರ್ಷದ್ದು ಅವ್ವಾ. ಬರಣಿ ತಳಕ್ಕ ಕಡೀಕ ಉಳದಿರ್ತೈತಲ್ಲ, ಉಪ್ಪ ಹತ್ತಿ ಮೆತ್ತಗಾದದ್ದು, ಅಂಥಾದ್ದು."

ಕಂಡ್ತು ನನಗ. ಬರಣಿ ಕಂಡ್ತು, ತಳದಾಗಿನ ಸಿಪ್ಪಿ ಕಂಡ್ತು, ಆ ಸೀರಿ ಕಂಡ್ತು, ಸೀರಿ ಉಟ್ಟು ಹೊಟ್ಟಿ ಹೊತ್ತು ಕುಂತ ನನ್ನ ಮಗಳು ಕಂಡ್ಲು. ಅದರ ಮ್ಯಾಲೆ ಆ ಗಿಣಿ ಹಸರ ಕುಬಸಾನೂ ಕಂಡ್ತು, ಎಷ್ಟು ಕೆಟ್ಟ ಕಾಣತಿತ್ತು ಅಂತೀರಿ! ಸೀರಿ ನಡೀತೈತಿ, ಮೊಳಕೈತನಕ ಹಸರ ಬಳಿ ಅದಾವ, ಒಳಗ ಹಸರ ಎಳಿನೂ ಅದಾವ, ಶಾಸ್ತ್ರಕ್ಕ ಸಾಕು ಅಂತ ಕುಸುಮತಾಯಿಗೆ ಹೇಳಿದೆ. ಆಕಿ ಹೂಂ ಅಂದ್ಲು, ಹೋಳಗಿ ಮಾತ್ರ ಈ ಸಲನೂ ದಪ್ಪ ಆಗ್ಯಾವ ಅಂದ್ಲು. ನನಗ ಆಕಿನ ಅಪ್ಪಿಕೊಳ್ಳಬೇಕು ಅನಿಸ್ತು.

ಆಮ್ಯಾಲೆ ಉಜ್ಜೂಗ, ಏಳು, ಒಳಗ ಹೋಗು, ಮೊದಲು ಆ ಜಂಪರ ತಗದ ಬಾ ಅಂದೆ. ನಿನ್ನ ಕಪಾಟಿನ್ಯಾಗ ಯಾವ ಯಾವ ಬಣ್ಣದ್ದು ಅದಾವು ಒಂದೊಂದ ಹೇಳು, ನಾ ಆರಸತೇನಿ. ಕುಬಸದಾಗ ಮಗಳ ಕುಬಸಾ ಬಿಚ್ಚಿಸಿದ ತಾಯಿ ನಮ್ಮ ಬಳಗದಾಗ ನಾನ ಮೊದಲನೇಯಾಕಿ ಇರಬೇಕು.